ಒಂದು ಕಿಲೋ ತೂಕದ ಕಲ್ಲು

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಬಸ್ಸು ಹತ್ತಿದ್ದರು.

ಗದಗಿನ ಆ ಓಣಿಯಲ್ಲಿ ಬೆಳಿಗ್ಗೆ ಎಂದಿನಂತೆ ನಳದ ನೀರು ಬಂತು. ವಿನುತಾ ಕೊಡ ತುಂಬಿದಳು. ನೀಲಿ ಗೇಟಿಗೆ ಬೀಗ ಹಾಕಲು ಕೈ ಚಾಚಿದಳು... ನಿಂತುಬಿಟ್ಟಳು.

ಇನ್ನು ಬೀಗ ಯಾರಿಗಾಗಿ?

ಮೆದುಳು ಜ್ವರ ಬಂದು ಹೋದ ಮೇಲೆ ಅವಳ ಗಂಡ ಗುರುಸಿದ್ದನಿಗೆ ನೆನಪು ನಿಲ್ಲುತ್ತಿರಲಿಲ್ಲ. ಸಂದಿ ಸಿಕ್ಕರೆ ಸಾಕು, ಮನೆ ಬಿಟ್ಟು ನಡೆದುಬಿಡುತ್ತಿದ್ದ.

ಅವಳು ಎಂ.ಎಸ್ಸಿ. ಓದಿದವಳು. ಈ ಅಲೆದಾಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದಳು. ಅವನು ಮಾತ್ರ ಹೋಗುತ್ತಲೇ ಇದ್ದ... ತಾನಾಗಿಯೇ ತಿರುಗಿ ಬರುತ್ತಿದ್ದ, ಕೈಯಲ್ಲಿ ಯಾರದೋ ಸಾಮಾನು ಹಿಡಿದು.

ಒಮ್ಮೆ ಖಾಲಿ ಡಬ್ಬಿ. ಒಮ್ಮೆ ಕೋಸುಗಡ್ಡೆ. ಕೊನೆಯ ಸಲ, ತಕ್ಕಡಿಗಿಡುವ ಒಂದು ಕಿಲೋ ತೂಕದ ಕಬ್ಬಿಣದ ಕಲ್ಲು, ತಳಕ್ಕೆ ಹಸಿರು ಬಣ್ಣ.

ಕೇಳದೆ ಎತ್ತಿಕೊಂಡು ಬರುತ್ತಾನೆ ಎಂದೇ ಅವಳು ತಿಳಿದಿದ್ದಳು. ನಾಚಿಕೆಯಿಂದ ಯಾರನ್ನೂ ವಿಚಾರಿಸಿರಲಿಲ್ಲ.

ಸತ್ತ ಮೇಲೆ ಅವನನ್ನು ಯಾರೂ ಕಳ್ಳ ಅನ್ನಬಾರದು... ಅವಳಿಗೆ ಬೇಕಿದ್ದದ್ದು ಅಷ್ಟೇ. ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಕಾಯಿಪಲ್ಯೆ ಮಾರ್ಕೆಟಿಗೆ ನಡೆದಳು.

ಹಸಿರು ಬಣ್ಣದ ಕಲ್ಲುಗಳಿದ್ದದ್ದು ಉಳ್ಳಾಗಡ್ಡಿ ಮಾರುವ ಮಾಬೂಬಿಯ ತಕ್ಕಡಿಯ ಹತ್ತಿರ. ಕಿಲೋ ತೂಗಲು ಆಕೆ ಎರಡು ಅರ್ಧ ಕಿಲೋ ಕಲ್ಲು ಇಡುತ್ತಿದ್ದಳು.

"ಅಮ್ಮಾ, ಇದು ನಿಮ್ದೇನ್ರಿ? ನಮ್ಮ ಮನಿಯವ್ರು ಕೇಳದ ತಂದಾರ... ತಪ್ಪ ತಿಳ್ಕೋಬ್ಯಾಡ್ರಿ."

ಮಾಬೂಬಿ ಕಲ್ಲು ನೋಡಿದಳು, ಅವಳನ್ನು ನೋಡಿದಳು, ಗೊಳ್ಳನೆ ನಕ್ಕಳು.

"ನಮ್ಮ ಕೊರಿಯರ್ ಸಾಹೇಬನ ಹೆಂಡ್ತಿ ಏನವ್ವಾ ನೀನು? ಅಂವಾ ಎಲ್ಲಿ ಕದ್ದಾನ? ನಾನ ಕೊಟ್ಟೇನಿ!"

"ನೀವ ಕೊಟ್ರಿ? ಯಾಕ್ರಿ?"

"ಇಲ್ಲಿ ಬಂದು ನಿಂತಾ ಅಂದ್ರ ಮನಿ ದಾರಿ ಮರತಬಿಡಾಂವ. ಕೈ ಹಿಡದು ಕರದ್ರ ಜಗಳಕ್ಕ ಬರಾಂವ. ಆದ್ರ ಮೊದಲ ಈ ಮಾರ್ಕೆಟಿಗೆ ಕೊರಿಯರ್ ಕೊಡಾಂವಾಗಿದ್ದ ಅಲ್ಲೇನು? ಆಗಿಂದ ನಿನ್ನ ಹೆಸರು, ಮನಿ ಗುರ್ತು ನಮಗ ಗೊತ್ತು. ಕೈಯಾಗ ಒಂದು ಸಾಮಾನ ಇಟ್ಟು, 'ಸಾಹೇಬ್ರ, ನೀಲಿ ಗೇಟಿನ ವಿನುತಾಬಾಯಾರಿಗೆ ಅರ್ಜಂಟ್ ಡೆಲಿವರಿ' ಅಂದ್ರ ಸಾಕು... ಸೀದಾ ನಡದಬಿಡಾಂವ!"

ಪಕ್ಕದ ಹೂವಿನ ಶಿವಾನಂದ ಬಾಯಿ ಹಾಕಿದ. "ಇತ್ತೀಚಿಗೆ ಭಾಳ ಶಾಣ್ಯಾ ಆಗ್ಯಾನ್ರಿ ಅಕ್ಕಾರ. ಖಾಲಿ ಡಬ್ಬಿ ಕೊಟ್ರ ಅಳ್ಳಾಡಿಸಿ ನೋಡಿ, 'ಒಳಗ ಮಾಲ ಇಲ್ಲ' ಅಂತ ವಾಪಸ್ ಕೊಡಾಂವ!"

"ಅದಕ್ಕ ಕಲ್ಲು ಕೊಟ್ಟೆ," ಅಂದಳು ಮಾಬೂಬಿ. "ವಜ್ಜಿ, ಭಾರ ಇದ್ರ ನಂಬತಾನ."

ವಿನುತಾ ಅಲ್ಲೇ ಉಳ್ಳಾಗಡ್ಡಿ ಚೀಲದ ಮೇಲೆ ಕುಳಿತಳು.

ಪ್ರತಿ ಸಲ ಅವನು ಬಾಗಿಲಲ್ಲಿ ನಿಂತು, "ಸಹಿ ಮಾಡ್ರಿ ಮೇಡಂ" ಎಂದು ಅಂಗೈ ಚಾಚುತ್ತಿದ್ದ. ಗಂಡನಿಗೇ ತನ್ನ ಗುರುತು ಹತ್ತಲಿಲ್ಲ ಎಂದು ಅವಳು ಒಳಗೆ ಹೋಗಿ ಅಳುತ್ತಿದ್ದಳು...

ಅವನು ಅವಳ ಹೆಸರು ಹೇಳಿಕೊಳ್ಳುತ್ತಾ ಇಡೀ ಊರು ಹಾದು ಬಂದಿರುತ್ತಿದ್ದ.

"ಈಗೀಗ ಕಾಣವಲ್ಲ. ಆರಾಮ ಅದಾನಿಲ್ಲ?" ಮಾಬೂಬಿ ಕೇಳಿದಳು.

"ಈ ಕಲ್ಲು ತಂದ ದಿನಾನ ಸಂಜೀಕ ಫಿಟ್ಸ್ ಬಂತ್ರಿ... ಹೋಗಿಬಿಟ್ರು."

ಮಾಬೂಬಿಯ ಕೈಯಲ್ಲಿದ್ದ ತಕ್ಕಡಿ ವಾಲಿತು. "ಯಾ ಅಲ್ಲಾ... ಎಲ್ಲಿ? ದಾರ್ಯಾಗೇನವ್ವಾ?"

"ಇಲ್ರಿ. ಮನ್ಯಾಗ... ನನ್ನ ತೊಡೀ ಮ್ಯಾಲ."

ಹೇಳುವಾಗ ಅವಳಿಗೇ ತಿಳಿಯಿತು. ಅವತ್ತು ಯಾರೂ ಅವನನ್ನು ಮನೆಗೆ ತಿರುಗಿಸದಿದ್ದರೆ ಆ ಸಂಜೆ ಅವನು ಯಾವ ರಸ್ತೆಯ ಬದಿಯಲ್ಲಿರುತ್ತಿದ್ದನೋ...

ಮಣ್ಣಾದ ದಿನವೂ ಬಾರದ ಕಣ್ಣೀರು ಈಗ ಬಂತು.

ಎದ್ದು, ಕಲ್ಲನ್ನು ಎರಡೂ ಕೈಯಿಂದ ಮಾಬೂಬಿಯ ಮುಂದೆ ಹಿಡಿದಳು.

"ನೀವು ಕಳಿಸಿದ್ದು ಮುಟ್ಟಿತ್ರಿ, ಅಮ್ಮಾ."

*

ನಾವು ಕಾಯಲಾಗದ ಹೊತ್ತಿನಲ್ಲಿ ನಮ್ಮವರನ್ನು ಯಾರೋ ಕಾದಿರುತ್ತಾರೆ.

ನಿಮ್ಮವರನ್ನು ಮನೆಯ ಕಡೆಗೆ ತಿರುಗಿಸಿ ಕಳಿಸಿದವರು ಯಾರೆಂದು ನೀವು ಎಂದಾದರೂ ಹುಡುಕಿಕೊಂಡು ಹೋಗಿದ್ದೀರಾ...?