ಕುಂಬಳಕಾಯಿಯ ಒಡಂಬಡಿಕೆ

ಸಿಹಿಗುಂಬಳ ಹೆಚ್ಚಿದಾಗಲೆಲ್ಲ ಆ ಹಸಿ ವಾಸನೆಯಲ್ಲಿ ನಮ್ಮಜ್ಜಿ ಎದ್ದು ನಿಲ್ಲುತ್ತಾಳೆ.

ಅಂದು ನಮ್ಮೂರ ಪುಟ್ಟ ಚರ್ಚಿನಲ್ಲಿ ಸುಗ್ಗಿ ಹಬ್ಬದ ಆರಾಧನೆ. ಬೆಳೆದದ್ದನ್ನು ಎಲ್ಲರೂ ದೇವರಿಗೆ ತಂದಿದ್ದರು. ಗೇಣು ನೆಲವಿಲ್ಲದ ಅಜ್ಜಿ, ಬನ್ನೂರು ನಾಲೆಯ ಏರಿಯ ಮೇಲೆ ತಾನೇ ಬೆಳೆಸಿದ ಕುಂಬಳಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತಿದ್ದಳು.

"ನೆಲ, ಹಾಲು, ಜೇನು ಹಳೆಯ ಒಡಂಬಡಿಕೆಯ ಕಾಲದವರಿಗೆ ದೇವರು ಕೊಟ್ಟ ಮಾತು. ನಮಗಿರುವುದು ಆತ್ಮಿಕ ವಾಗ್ದಾನ. ಅದು ಪರಲೋಕದಲ್ಲಿದೆ" ಎಂದರು ಪಾದ್ರಿಗಳು.

ಅಜ್ಜಿ ಎದ್ದಳು. "ಕೊಡಾದು ಪರಲೋಕದಲ್ಲಿ, ಈಸ್ಕೊಳಾದು ಮಾತ್ರ ಇಲ್ಲೇನ್ ಅಯ್ನೋರೇ?" ಎಂದವಳೇ ಕಾಯಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟಳು.

ಮಧ್ಯಾಹ್ನ ಪಾದ್ರಿಗಳು ಸಮಾಧಾನ ಹೇಳಲು ಮನೆಗೆ ಬಂದರು. ಅಜ್ಜಿ ಚಾಪೆ ಹಾಸಿ, ಬಿಸಿ ಮುದ್ದೆಯ ಪಕ್ಕ ಅದೇ ಕುಂಬಳಕಾಯಿಯ ಪಲ್ಯ ಬಡಿಸಿದಳು.

"ಉಣ್ಣಿ ಅಯ್ನೋರೇ. ಪರಲೋಕಕ್ಕೆ ಓಗೋಗಂಟ ಯಾರ್ನೂ ಕಾಯ್ಸಕಿಲ್ಲ ನಾನು."