ಕಚಗುಳಿಗೆ ನಗದ ಆನೆ

ಕಲ್ಲಿಗೆ ಮದ್ದು ಮಾಡಲು ದೊಡ್ಡ ಖರ್ಚಿಲ್ಲ. ಒಂದು ನವಿಲುಗರಿ, ಒಂದು ಕೊಡ ಸಿಹಿನೀರು, ವೈದ್ಯೆಗೆ ಹೊಟ್ಟೆತುಂಬ ಊಟ. ಮುರಿದುಬಿದ್ದ ಮೇಲೆ ಹೊಸದು ಕೆತ್ತಿಸಲು ಹೊರಟರೆ ಊರನ್ನೇ ಮಾರಬೇಕು.

ವೈದ್ಯೆ ಫಕೀರವ್ವ ಹಳೇ ಗುಡಿಯ ಕೆತ್ತನೆಗಳಿಗೆ ಒಂದೊಂದಾಗಿ ಗರಿ ಆಡಿಸುತ್ತ ಬಂದಳು. ಗಟ್ಟಿ ಕಲ್ಲು ಕಚಗುಳಿಗೆ ನಗುತ್ತದೆ, ಒಳಗೆ ಟೊಳ್ಳಾದದ್ದು ನಗುವುದಿಲ್ಲ. ಸಿಂಹ ನಕ್ಕಿತು, ಹಂಸಗಳು ಕಿಲಕಿಲ ಎಂದವು. ಬಾಗಿಲ ಆನೆ ಮಾತ್ರ ತುಟಿ ಬಿಚ್ಚಲಿಲ್ಲ.

ಕಾವಲುಗಾರ ದ್ಯಾಮಣ್ಣನ ಮುಖ ಸಣ್ಣದಾಯಿತು. ನಗದ ಕಲ್ಲನ್ನು ಕಿತ್ತು ದೂರದ ಉಗ್ರಾಣಕ್ಕೆ ಸಾಗಿಸುವುದು ನಿಯಮ. ಆ ಆನೆಗೆ ಕೈಮುಗಿಯದೆ ಅವನು ಚಹಾ ಕುಡಿದವನಲ್ಲ.

“ಅವ್ವಾರ, ಇನ್ನೊಂದು ಸಲ ನೋಡ್ರಿ. ಹಳೇ ಕಿವಿ ಮುರದಿತ್ತಂತ ಹ್ವಾದ ವರ್ಷ ನಾನ ಸಿಮೆಂಟಿನ ಕಿವಿ ಹಚ್ಚೀನಿ. ಚಂದ ಐತಿಲ್ರಿ?”

“ಚಂದ ಐತೋ ತಮ್ಮಾ! ಅದರ ಹಿಂದ ನೀರು ನಿಂತು, ಉಪ್ಪು ಎದ್ದು, ಆನಿ ಮೈ ಹಪ್ಪಳ ಆಗೇತಿ. ತಗಿ ಅದನ್ನ.”

ದ್ಯಾಮಣ್ಣ ಕಿವಿಯನ್ನೊಮ್ಮೆ ಸವರಿ, ಉಳಿ ಹಿಡಿದು ತಾನೇ ಕಿತ್ತ. ಬಿಳಿ ಪುಡಿ ಉದುರಿತು. ಫಕೀರವ್ವ ಒದ್ದೆ ಬಟ್ಟೆ ಹಚ್ಚಿ ಹಚ್ಚಿ ಉಪ್ಪು ಹೀರಿಸಿ, ಸಂಜೆಗೆ ಮತ್ತೆ ಗರಿ ಆಡಿಸಿದಳು. ಆನೆ ಮೊದಲು ಗುರ್ ಎಂದಿತು, ಆಮೇಲೆ ಗೋಪುರ ಅದುರುವಂತೆ ನಕ್ಕಿತು.

ಸಿಮೆಂಟಿನ ಕಿವಿ ಹೋಯಿತು. ಆನೆ ಊರಲ್ಲೇ ಉಳಿಯಿತು.