ಎಡೆಯಲ್ಲಿಟ್ಟ ಮಾತ್ರೆ

ಸಾಂಬ್ರಾಣಿ ಹೊಗೆ ಮೂಗಿಗೆ ಬಡಿದರೆ ಮಧುವನಹಳ್ಳಿಯ ಆ ಮಧ್ಯಾಹ್ನ ಈಗಲೂ ಕಣ್ಣೆದುರು ಬರುತ್ತದೆ.

ತಾತ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಬಂದ ಮೊದಲ ಪಿತೃಪಕ್ಷ ಅದು. ಉಳಿದ ನೋವಿನ ಮಾತ್ರೆಯನ್ನು ವಾಪಸ್ ಕೊಡಿ, ಅದು ಚಟ ಹಿಡಿಸುವಂಥದ್ದು ಎಂದು ಡಾಕ್ಟರು ಹೇಳಿದ್ದರೂ, ಅಜ್ಜಿ ಆ ಒಂದು ಶೀಟನ್ನು ಎಡೆಯಲ್ಲಿ ಕಜ್ಜಾಯ, ಬೀಡಿಕಟ್ಟಿನ ಪಕ್ಕ ಇಟ್ಟಳು. "ಅದಿಲ್ದೆ ಒಂದ್ಗಳಿಗೆನೂ ತಡೀತಿರ್ಲಿಲ್ಲ ಕಣವ್ವ," ಎಂದಳು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು.

ನಾನು ಮಾತ್ರ ಕಿಟಕಿಯಲ್ಲಿ ಇಣುಕಿದೆ. ಹಿತ್ತಿಲ ಬಾಗಿಲಿನಿಂದ ಅಣ್ಣ ಒಳಗೆ ಬಂದ. ತಾತನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಿದ್ದವನು ಅವನೇ. ಒಂದೊಂದನ್ನೇ ಬಿಡಿಸಿ ಜೇಬಿಗೆ ಹಾಕಿಕೊಂಡು, ಖಾಲಿ ಶೀಟನ್ನು ಇದ್ದಲ್ಲೇ ಇಟ್ಟ. ನನ್ನನ್ನು ಕಂಡು, "ಅಜ್ಜಿಗೆ ಯೋಳ್ಬ್ಯಾಡ ಕಣಮ್ಮಿ, ನಂಗೆ ಇದಿಲ್ದೆ ನಿದ್ದೆ ಬರಕಿಲ್ಲ," ಎಂದ.

ಬಾಗಿಲು ತೆರೆದಾಗ ಅಜ್ಜಿ ಆ ಶೀಟನ್ನು ಕಣ್ಣಿಗೊತ್ತಿಕೊಂಡು ಅತ್ತಳು.

"ನೋಡವ್ವ, ನಿನ್ ತಾತ ಬಂದು ತಕಂಡವ್ರೆ!"

ಅವಳ ಆ ಸಂತೋಷ ಕೆಡಿಸಲು ಮನಸ್ಸಾಗದೆ "ಹೂಂ" ಎಂದೆ.

ಈ ವರ್ಷ ಎಡೆ ಇಟ್ಟವಳು ನಾನು. ತಾತನ ಫೋಟೊದ ಪಕ್ಕದಲ್ಲಿ ಅಣ್ಣನದೂ ಇದೆ. ಬಾಗಿಲು ಮುಚ್ಚಿ ಜಗಲಿಗೆ ಬಂದು ಕೂತೆ. ಕಿಟಕಿಯ ಕಡೆಗೆ ಹೋಗಲಿಲ್ಲ.